ನಡುಗಡ್ಡೆಯಲ್ಲಿ ಚರಗ

ಬೈಲಹೊಂಗಲ
೧೯ ಮೇ ೨೦೨೪, ರವಿವಾರ

ಗೆಳೆಯ ಭೀಮಶಿಗೆ,

ನಿಜಗುಣಪ್ಪನ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಸವದತ್ತಿಯಲ್ಲಿ ನೀನು, ನಿನ್ನ ಮನೆಯಾಕೆ ತಂಗಿ ಶೆಟ್ಟೆವ್ವ, ಮಗಳು ಭಾಗ್ಯಾ ಎಲ್ಲರೂ ಅರಾಮ ಇದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ನೀನು ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಹಕ್ಕಿಯ ಫೋಟೋ ಕಳಿಸಿದರೆ ಎರಡು ನೀಲಿ ಗೀಟು ಬೀಳುತ್ತವೆ, ಉತ್ತರ ಮಾತ್ರ ಬರುವುದಿಲ್ಲ. ಹೋದ ತಿಂಗಳು ಬೇಕೆಂದೇ ಒಂದು ಗುಬ್ಬಿಯ ಫೋಟೋ ಹಾಕಿ ‘ಇದು ಯಾವ ಅಪರೂಪದ ಹಕ್ಕಿ?’ ಎಂದು ಕೇಳಿದೆ. ಬೈಯುವುದಕ್ಕಾದರೂ ಫೋನ್ ಮಾಡುತ್ತೀ ಎಂಬ ಆಸೆ. ನೀನು ಅದಕ್ಕೂ ಜಗ್ಗಲಿಲ್ಲ. ಹೀಗಾಗಿ ನಿವೃತ್ತ ಡ್ರಿಲ್ ಮಾಸ್ತರನೊಬ್ಬ ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳಬೇಕಾಯಿತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರಿಗ್ರೀ ಸರ? ಕೋರ್ಟಿನ ಯವ್ಹಾರ ಏನ್ರಿ?” ಎಂದಳು. ಹೆಚ್ಚೂಕಡಿಮೆ ಹಾಗೆಯೇ ಎಂದೆ.

ತಡವಾದದ್ದಕ್ಕೆ ಕ್ಷಮೆ ಇರಲಿ. ನಡುಗಡ್ಡೆಗೆ ಹೋಗಿ ಬಂದು ಇವತ್ತಿಗೆ ವಾರವಾಯಿತು. ಅಂದೇ ಬರೆಯಲು ಕುಳಿತೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಐದನೆಯ ಸಲ ಹರಿಯುವುದಿಲ್ಲ, ಕಾಗದ ಮುಗಿದಿದೆ.

ಹೌದು, ಹೋಗಿ ಬಂದೆ. ಕಾರವಾರದ ಸಮುದ್ರದೊಳಗಿನ ನಡುಗಡ್ಡೆಗೆ ಹೋಗಿ ಬಿಳಿಹೊಟ್ಟೆಯ ಕಡಲ ಹದ್ದನ್ನು ಕಣ್ಣಾರೆ ನೋಡಬೇಕೆಂಬುದು ನಿನ್ನ ಆಸೆ. ನವಿಲುತೀರ್ಥದ ಡ್ಯಾಮಿನ ದಂಡೆಯಲ್ಲಿ ಕುಳಿತು ಅದಕ್ಕೆ ಹನ್ನೊಂದು ವರ್ಷ ನಾವಿಬ್ಬರೂ ಯೋಜನೆ ಹಾಕಿದೆವು. ಈ ಬೇಸಿಗೆಯಲ್ಲಿ ನಮ್ಮ ಹಕ್ಕಿ ಬಳಗದ ಐಶ್ವರ್ಯಾ ಮೇಡಂ ದೋಣಿ, ಗಾಡಿ, ಪರವಾನಿಗೆ ಎಲ್ಲ ಹೊಂದಿಸಿದರು. ನಿನಗೂ ಮೂರು ಸಲ ಫೋನ್ ಮಾಡಿದರಂತೆ. “ಭೀಮಶಿ ಸರ್ ಬರಂಗಿಲ್ಲ ಅಂದ್ರು. ಯಾಕ ಅಂತ ಕೇಳಿದ್ರ, ಮಾಸ್ತರನ್ನ ಕೇಳ್ರಿ ಅಂದ್ರು” ಎಂದು ನನಗೆ ಹೇಳಿದರು. ನಾನು ಕೆಮ್ಮಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಕೆಮ್ಮು ಯಾವ ಜಾತಿಯದೆಂದು ಅವರಿಗೆ ಗೊತ್ತಾಗಿರಬೇಕು.

ಈ ನಾಲ್ಕು ತಿಂಗಳ ಸಿಟ್ಟು ಸಾಕೋ ಭೀಮಶಿ. ಎಳ್ಳ ಅಮಾವಾಸ್ಯೆಯ ದಿನ ನೀನು ಚಚಡಿ ಹಾದಿಯ ನಮ್ಮ ಹೊಲದ ತನಕ ಗಾಡಿ ಓಡಿಸಿಕೊಂಡು ಬಂದು ‘ಸೆಳೆವ ಹಕ್ಕಿ ಬಂದಾವ್ರಿ ಮಾಸ್ತರ, ಎಂಟು ಅದಾವು’ ಎಂದೆ. ನಾನು ‘ಸೆಳೆವ ಎಲ್ಲೀವು, ಗಿಡುಗ ಇರಬೇಕು’ ಎಂದೆ. ಅಷ್ಟಕ್ಕೇ ಇಷ್ಟು ದಿನ ಮಾತು ಬಿಡುವುದೇ? ಸರಿ, ನೀನೇ ಗೆದ್ದೆ. ಸೆಳೆವವೇ. ಎಂಟೂ ಸೆಳೆವವೇ. ಬೇಕಾದರೆ ಬಾಂಡ್ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡುತ್ತೇನೆ. ಕರೆಂಟಿನ ಕಂಬದ ಮೇಲೆ ಕುಳಿತು ಹಕ್ಕಿ ನೋಡಿ ಕಲಿತ ಲೈನ್‌ಮನ್ ನೀನು, ಪುಸ್ತಕದಲ್ಲಿ ಓದಿ ಮರೆತ ಮಾಸ್ತರ ನಾನು. ಇದು ಊರಿಗೇ ಗೊತ್ತಿರುವ ಮಾತು.

ಈಗ ಸುದ್ದಿ ಕೇಳು. ನೀನಿಲ್ಲದ ನಿನ್ನ ಜಾಗದಲ್ಲಿ ಇಬ್ಬರು ಬಂದರು. ಒಬ್ಬ ನಮ್ಮ ಓಣಿಯ ಬೆಲ್ಲದ ವ್ಯಾಪಾರಿ ಶಂಕ್ರೆಪ್ಪ. ಇನ್ನೊಬ್ಬಳು ನಮ್ಮ ಅವ್ವ ಕೆಂಚವ್ವ. ಶಂಕ್ರೆಪ್ಪನಿಗೆ ಹಕ್ಕಿಯೆಂದರೆ ಕಾಗೆ, ಪಾರಿವಾಳ, ಗಿಳಿ ಮೂರೇ. ಅವ್ವನಿಗೆ ಎಪ್ಪತ್ತೊಂಬತ್ತು, ಸಮುದ್ರ ನೋಡಿ ಸಾಯಬೇಕೆಂಬ ಹಟ. “ನೋಡಿದ ಕೂಡಲೇ ಸಾಯಬೇಕಂತಿಲ್ಲವ್ವಾ” ಎಂದೆ. “ಮೊದಲ ತೋರಸ, ಸಾಯೂದು ನನಗ ಬಿಡು” ಎಂದಳು.

ಬೂದು, ಕಂದು, ಹಸಿರು ಬಣ್ಣದ ಬಟ್ಟೆ ಮಾತ್ರ ಹಾಕಿಕೊಳ್ಳಿ, ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು ತಂದರೆ ಸಾಕೆಂದು ಐಶ್ವರ್ಯಾ ಮೇಡಂ ನಾಲ್ಕು ದಿನ ಮೊದಲೇ ಹೇಳಿದ್ದರು. ಶಂಕ್ರೆಪ್ಪ ಇಸ್ತ್ರಿ ಹೊಡೆದ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯಲ್ಲಿ ಬಂದ. ಕೇಳಿದರೆ, “ಬೆಳ್ಳಕ್ಕಿ ತಮ್ಮವನ ಅಂತ ಹತ್ರ ಬರ್ತಾವ ಬಿಡ್ರಿ” ಎಂದ. ಅವ್ವ ಕುಂಕುಮ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಬಾಳೆಹಣ್ಣಿನ ಬದಲು ಎರಡು ಬುಟ್ಟಿ. ಒಂದರಲ್ಲಿ ಅರವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಇನ್ನೊಂದರಲ್ಲಿ ಮೊಸರನ್ನ, ಪುಂಡಿಪಲ್ಯ, ಹೂರಣದ ಕಡಬು. ಮೇಡಂ ಬುಟ್ಟಿ ನೋಡಿ ಹಣೆ ಹಿಡಿದುಕೊಂಡರು. ಅವ್ವ, “ತಲಿನೋವ ಏನವಾ? ಹಸಿವಿಗೆ ಹಂಗ ಆಗ್ತೈತಿ, ಒಂದ ರೊಟ್ಟಿ ತಿನ್ನು” ಎಂದಳು.

ಶನಿವಾರ ಹೊರಟು, ಕಾರವಾರದ ಲಾಡ್ಜಿನಲ್ಲಿ ಉಳಿದು, ರವಿವಾರ ಬೆಳಿಗ್ಗೆ ಆರಕ್ಕೆ ದಂಡೆಗೆ ಬಂದೆವು. ಅವ್ವ ಸಮುದ್ರದ ಎದುರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಅವಳ ಕಣ್ಣು ಈಗ ಮಂಜು, ದೂರದ ಮುಖ ಗುರುತು ಹತ್ತುವುದಿಲ್ಲ. ಆದರೂ ಇಷ್ಟು ದೊಡ್ಡದು ಕಾಣದೆ ಹೋಗುತ್ತದೆಯೇ? ದೇವರನ್ನು ನೆನೆಯುತ್ತಾಳೆ ಎಂದುಕೊಂಡೆ.

“ನಿಜಗುಣಾ, ಇದರ ಗೇಟ ಎಲ್ಲಿ ಅದಾವೋ?” ಎಂದಳು.

“ಇದಕ್ಕ ಗೇಟ ಇಲ್ಲಬೇ. ಇದು ಡ್ಯಾಮ್ ಅಲ್ಲ.”

“ಗೇಟ ಇಲ್ಲದ ಇಷ್ಟ ನೀರ ನಿಂತೈತೇನ? ನಿನಗ ಗೊತ್ತಿಲ್ಲ ಅನ್ನು.” ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. “ಯಾರ ಮಾಡ್ಯಾರಿದನ್ನ? ಉಪ್ಪ ಮುಷ್ಟಿ ತಪ್ಪೇತಿ.”

ದೋಣಿಯಲ್ಲಿ ಶಂಕ್ರೆಪ್ಪ ಮೊದಲ ಹತ್ತು ನಿಮಿಷ ಬೆಲ್ಲದ ದರ ಹೇಳಿದ, ಆಮೇಲಿನ ಮೂವತ್ತು ನಿಮಿಷ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳಿದ. ದೋಣಿ ನಡೆಸುವ ತಾಂಡೇಲ ನಗುತ್ತ, “ಸಾವ್ಕಾರ್ರೇ, ದೂರ ನೋಡಿ, ನೀರು ನೋಡ್ಬೇಡಿ” ಎಂದರೆ, ಇವನು “ದೂರನೂ ನೀರ ಐತಲ್ಲೋ ಮಾರಾಯಾ!” ಎಂದು ಅತ್ತುಬಿಟ್ಟ. ಅವ್ವ ಮಾತ್ರ ಎತ್ತಿನ ಗಾಡಿಯಲ್ಲಿ ಕುಳಿತಂತೆ ಅಲುಗಾಡದೆ ಕುಳಿತಿದ್ದಳು.

ನಡುಗಡ್ಡೆ ಎಂದರೆ ಒಂದು ಗುಡ್ಡ, ಸುತ್ತ ಕರಿ ಬಂಡೆ, ಒಂದು ಕಡೆ ಅಂಗಳದಷ್ಟು ಮರಳು, ನಾಲ್ಕಾರು ಗಿಡ. ಬಿಸಿಲು ಮಾತ್ರ ನಮ್ಮ ಕಡೆಯದೇ, ರಾಮದುರ್ಗದಿಂದ ನೇರವಾಗಿ ತಂದು ಸುರಿದಂತಿತ್ತು. ಇಳಿದ ಕೂಡಲೇ ನನಗೆ ನಿನ್ನ ಕೊರತೆ ತಿಳಿಯಿತು. ನೂರು ಮೀಟರ್ ದೂರದ ಬಂಡೆಯ ಮೇಲೆ ಕಪ್ಪಗಿನ ದೊಡ್ಡದೇನೋ ಕುಳಿತಿತ್ತು. ದುರ್ಬೀನು ಹಚ್ಚಿದೆ. ರೆಕ್ಕೆ ಅರ್ಧ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ‘ಕಡಲ ಹದ್ದಿನ ಮರಿ! ಎಲ್ಲರೂ ಮಲಗ್ರಿ!’ ಎಂದು ಪಿಸುಗುಟ್ಟಿದೆ. ಮೇಡಂ ಕೂಡ ನಂಬಿದರು. ಕಾಯ್ದ ಮರಳಿನಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಇಪ್ಪತ್ತು ನಿಮಿಷ ಹೋದೆವು. ಶಂಕ್ರೆಪ್ಪನ ಧೋತರ ಅಲ್ಲೇ ಎಲ್ಲೋ ಉಳಿಯಿತು, ಚಡ್ಡಿಯಲ್ಲಿ ತೆವಳಿದ. ಹತ್ತಿರ ಹೋಗಿ ನೋಡಿದರೆ ಅದು ತಾಂಡೇಲನ ಜಾಕೀಟು. ಇಳಿದವನೇ ಒಣಗಲು ಹಾಕಿದ್ದನಂತೆ.

ನೀನಿದ್ದಿದ್ದರೆ ನಿಂತಲ್ಲಿಂದಲೇ, “ಮಾಸ್ತರ, ಅದಕ್ಕ ಗುಂಡಿ ಅದಾವ್ರಿ” ಎನ್ನುತ್ತಿದ್ದೆ. ಒಂದು ಮಾತು ಕೇಳಲೇ? ನನಗಿಂತ ಮೂರು ತಿಂಗಳು ಹಿರಿಯ ನೀನು. ಹತ್ತೊಂಬತ್ತು ವರ್ಷದಿಂದ ನಾನು ನಿನಗೆ ‘ಲೇ’ ಎನ್ನುತ್ತೇನೆ, ನೀನು ನನಗೆ ‘ರೀ’ ಎನ್ನುತ್ತೀ. ಬಿಡೆಂದು ಒಂದೆರಡು ಸಲ ಹೇಳಿದ್ದೆ. ಗಟ್ಟಿಯಾಗಿ ಹೇಳಿದ್ದೆನೋ ಇಲ್ಲವೋ ಈಗ ನೆನಪಿಲ್ಲ.

ಮುಂದಿನ ಅಪರಾಧವೂ ನನ್ನದೇ. ಒಂಬತ್ತು ಗಂಟೆಗೆ ಬಂಡೆಗಳ ಮೇಲೆ ರೀವ ಹಕ್ಕಿಗಳ ಹಿಂಡು ಬಂದು ಕುಳಿತಿತು. ಮೇಡಂ ಒಂದು, ಎರಡು ಎಂದು ಎಣಿಸತೊಡಗಿದರು. ಅಷ್ಟರಲ್ಲಿ ಶಂಕ್ರೆಪ್ಪ ಧೋತರ ಹುಡುಕುತ್ತ ಪಾಚಿಗಟ್ಟಿದ ಬಂಡೆಯ ತುದಿಗೆ ಹೊರಟ. ಜಾರಿದನೆಂದರೆ ಬೆಲ್ಲದ ದರದ ಸಮೇತ ಅರಬ್ಬಿ ಸಮುದ್ರ. ಮೂವತ್ತು ವರ್ಷದ ಚಟ, ಕೈ ತಾನಾಗಿ ಜೇಬಿಗೆ ಹೋಯಿತು, ಪೀಪಿ ಬಾಯಿಗೆ ಬಂತು. ಊದಿಬಿಟ್ಟೆ. ಶಂಕ್ರೆಪ್ಪ ಸಾವಧಾನ್ ಸ್ಥಿತಿಯಲ್ಲಿ ನಿಂತ. ರೀವಗಳು ಗೋವೆಯ ಕಡೆಗೆ ಹೋದವು. ಮೇಡಂ ನನ್ನ ಪೀಪಿಯನ್ನು ಇಸಿದುಕೊಂಡು ತಮ್ಮ ಚೀಲದಲ್ಲಿ ಹಾಕಿ ಜಿಪ್ ಎಳೆದರು. ಅವರು ನನ್ನ ಮಗಳ ವಯಸ್ಸಿನವರು, ಆದರೂ ತಲೆ ಬಗ್ಗಿಸಿ ನಿಂತೆ.

ಅಲ್ಲಿಂದ ಮಧ್ಯಾಹ್ನ ಒಂದು ಗಂಟೆಯ ತನಕ ನಾವು ಕಂಡದ್ದು ಎರಡು ಕಾಗೆ, ಒಂದು ಕರಿ ಬಕ. ಮೇಡಂ ಪಟ್ಟಿಯಲ್ಲಿ ಬಕವನ್ನು ಬರೆದುಕೊಂಡ ಮುಖ ನೋಡಿದರೆ ಯಾರಿಗೂ ಮಾತಾಡುವ ಧೈರ್ಯ ಬರುತ್ತಿರಲಿಲ್ಲ. ಕಡಲ ಹದ್ದಿನ ಗೂಡು ಮೇಲೆ ಮರದಲ್ಲಿತ್ತು, ಖಾಲಿ. “ಮರಿ ಹಾರಿ ಹೋಗ್ಯಾವ ಅನಸ್ತೈತಿ. ಹೋಗೂಣ್ರಿ, ಊಟ ಮಾಡಿ ವಾಪಸ್ ಹೊಂಡೂಣು” ಎಂದರು.

ಗಿಡದ ನೆರಳಲ್ಲಿ ಬುಟ್ಟಿ ಬಿಚ್ಚಿದೆವು. ನಾನು ರೊಟ್ಟಿ ಮುರಿದು ಬಾಯಿಗಿಡಬೇಕು, ಅವ್ವ ಕೈಗೆ ಪಟ್ಟನೆ ಹೊಡೆದಳು. “ಕಾಲಿಟ್ಟಿದ್ದು ಹೊಸಾ ನೆಲ. ಚರಗ ಚೆಲ್ಲದ ತುತ್ತ ಎತ್ತತೀಯೇನೋ ಹೊಟ್ಟಿಬಾಕಾ?”

“ಅವ್ವಾ, ಇದು ಹೊಲ ಅಲ್ಲಬೇ. ಭೂಮ್ತಾಯಿಗೆ ಎಡಿ ಚೆಲ್ಲೂ ಚರಗ ಎಳ್ಳಮಾಸಿಗೆ.”

“ಹೊಲ ಅಲ್ಲದ ನೆಲಕ್ಕ ಹೊಟ್ಟಿ ಇರಂಗಿಲ್ಲೇನ?”

ಮೊಸರನ್ನಕ್ಕೆ ರೊಟ್ಟಿ ಮುರಿದು, ಪಲ್ಯ, ಕಡಬು ಹಾಕಿ ಕಲೆಸಿದಳು. ನೀರಿನ ಬಾಟಲಿ ಶಂಕ್ರೆಪ್ಪನ ಕೈಗೆ ಕೊಟ್ಟಳು. ಮುಂದೆ ಅವ್ವ ತುತ್ತು ಚೆಲ್ಲುತ್ತ, ಹಿಂದೆ ಅವನು ನೀರು ಚಿಮುಕಿಸುತ್ತ, ಇಬ್ಬರೂ ಮರಳಿನ ಸುತ್ತ ಹೊರಟರು. “ಹುಲಿಗ್ಯೋ... ಹುಲಿಗ್ಯೋ...” ಎಂದು ಅವ್ವ ಹಾಕಿದ ಚರಗದ ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. ದೋಣಿಯಲ್ಲಿ ಮಲಗಿದ್ದ ತಾಂಡೇಲ ಎದ್ದು ಓಡಿ ಬಂದ. “ಎಂತ ಆಯ್ತು ಅಮ್ಮಾ? ಇಲ್ಲಿ ಹುಲಿ ಇಲ್ಲ! ನಾ ಇಪ್ಪತ್ತು ವರ್ಷದಿಂದ ಬರ್ತೆ!”

ಮೇಡಂ ಹೌಹಾರಿದರು. “ಅಜ್ಜೀ, ಹಕ್ಕಿಗೆ ತಿನ್ನಾಕ ಹಾಕಬಾರದ್ರೀ! ಅದು ಮೊದಲನೇ ನಿಯಮ!”

“ಹಕ್ಕಿಗೆ ಯಾರ ಹಾಕ್ಯಾರವಾ? ಭೂಮ್ತಾಯಿಗೆ ಹಾಕೇನಿ. ಹಕ್ಕಿ ನಡಬರಕ ಬಾಯಿ ಹಾಕಿದ್ರ ಅದು ಅದರ ಪಾಪ.”

ಹಕ್ಕಿ ಬಾಯಿ ಹಾಕಿತು ಭೀಮಶಿ. ಮೊದಲು ಆ ಎರಡು ಕಾಗೆ. ಅವು ಕರೆದಾಗ ಇಪ್ಪತ್ತು. ಕಾಗೆಗಳ ಗಲಾಟೆ ಕೇಳಿ ದಡದ ಕಡೆಯಿಂದ ಗರುಡಗಳು, ಹದ್ದುಗಳು. ಒಂದು ಗರುಡ ಶಂಕ್ರೆಪ್ಪನ ತಲೆಯ ಮೇಲಿಂದ ಇಳಿದು ಅವನು ಕದ್ದು ಹಿಡಿದಿದ್ದ ಕಡಬನ್ನು ಕಿತ್ತುಕೊಂಡು ಹೋಯಿತು. ಮೇಡಂ ನಿಯಮ ಮರೆತು ಪಟ್ಟಿ ತೆಗೆದರು, “ನಾಕು, ಐದು, ಅಯ್ಯೋ ಆ ಕಡೆ ಕಡಲಕ್ಕಿ!” ಎನ್ನುತ್ತ ಒಂದೇ ಕಡೆ ಗಿರಗಿರ ತಿರುಗುತ್ತಿದ್ದರು.

ಆಗ ಗುಡ್ಡದ ಹಿಂದಿನಿಂದ ಅದು ಬಂತು. ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ರೆಕ್ಕೆ. ಗಾಳಿಗೆ ರೆಕ್ಕೆ ಆನಿಸಿ ಬಂತೇ ಹೊರತು ಬಡಿಯಲಿಲ್ಲ. ಕಡಬು ಒಯ್ದ ಗರುಡನನ್ನು ಬೆನ್ನಟ್ಟಿ, ನಮ್ಮ ನೆತ್ತಿಯ ಮೇಲೆಯೇ ಅಡ್ಡ ತಿರುಗಿತು. ಅದರ ನೆರಳು ನನ್ನ ಎದೆಯ ಮೇಲಿಂದ ಹಾದುಹೋಯಿತು. ಗರುಡ ಹೆದರಿ ಕಡಬು ಬಿಟ್ಟಿತು, ಅದು ಸಮುದ್ರಕ್ಕೆ ಬಿತ್ತು. ಹದ್ದು ಕೆಳಗೆ ನೋಡಿ, ಮೀನಲ್ಲವೆಂದು ತಿಳಿದು, ಬೇಜಾರಾಗಿ ಹೊರಟುಹೋಯಿತು. ಅರ್ಧ ನಿಮಿಷವೂ ಇರಲಿಲ್ಲ. ನನ್ನ ಕಣ್ಣು ತುಂಬಿತ್ತು. ಬಲಗಡೆ ಮೊಣಕೈಯಿಂದ ತಿವಿದು, “ನೋಡಿದ್ಯೇನೋ ಭೀಮಶೀ!” ಎಂದೆ.

“ನಾ ಶಂಕ್ರೆಪ್ಪರೀ” ಎಂದ ಅವನು.

ಇದ್ದದ್ದು ಹೇಳುತ್ತೇನೆ, ಆ ಹೊತ್ತಿಗೆ ನನಗೆ ಹದ್ದು ಕಂಡ ಸಂತೋಷ ಅಲ್ಲೇ ಇಳಿದುಹೋಯಿತು. ನಿನ್ನ ಹಕ್ಕಿಯನ್ನು ನಾನು ನೋಡಿದ್ದೆ.

ಊಟಕ್ಕೆ ಕುಳಿತೆವು. ಅವ್ವ ತಾಂಡೇಲನನ್ನೂ ಕರೆದಳು. ಅವನು, “ಬೇಡ ಅಮ್ಮಾ, ನಾ ದೋಣಿಯಲ್ಲೇ ಉಣ್ತೆ. ಮೈಯೆಲ್ಲ ಮೀನಿನ ವಾಸನೆ” ಎಂದು ಹಿಂದೆ ಸರಿದ. “ನಮ್ಮ ಮೈಗೆ ಏನ ಅತ್ತರ ಹಚ್ಚೇತೇನ? ಕುಂದರಪಾ. ಚರಗ ಚೆಲ್ಲಿದ ಮ್ಯಾಲ ಆ ನೆಲದಾಗ ಇದ್ದವರೆಲ್ಲಾ ಸಾಲ ಹಿಡದ ಉಣ್ಣಬೇಕ. ಒಬ್ಬರ ಹೊರಗ ಉಳದ್ರೂ ಭೂಮ್ತಾಯಿಗೆ ಮುಟ್ಟಂಗಿಲ್ಲ” ಎಂದಳು. ಅವನು ನನ್ನ ಪಕ್ಕದಲ್ಲೇ ಕುಳಿತು ನಾಲ್ಕು ರೊಟ್ಟಿ ಉಂಡ. ಗುರೆಳ್ಳು ಹಿಂಡಿಯನ್ನು ಕಾಗದದಲ್ಲಿ ಹೆಂಡತಿಗೂ ಕಟ್ಟಿಸಿಕೊಂಡ. ನಾನು ಎರಡನೆಯ ತುತ್ತನ್ನು ಕೆಳಗಿಟ್ಟೆ. “ಯಾಕೋ, ಬಿಸಲ ಬಡೀತೇನ?” ಎಂದಳು ಅವ್ವ. ಹೂಂ ಎಂದೆ. ಬುಟ್ಟಿಯ ತಳದಲ್ಲಿ ಒಂದು ಗಂಟು ಹಾಗೇ ಉಳಿದಿತ್ತು. ಪ್ರತಿ ಸಲ ಡ್ಯಾಮಿಗೆ ಹೊರಟಾಗ ಕಟ್ಟುವಂತೆ, ಈ ಸಲವೂ ಅಭ್ಯಾಸಬಲದಿಂದ ನಿನ್ನ ಪಾಲು ಕಟ್ಟಿದ್ದಳು. ನಿನ್ನ ಮುಖ ಅವಳು ನೋಡಿಲ್ಲ, ಬೆಳಗಿನ ಜಾವ ಗೇಟಿನ ಹೊರಗೆ ಹೊಡೆಯುವ ನಿನ್ನ ಗಾಡಿಯ ಹಾರ್ನ್ ಮಾತ್ರ ಗೊತ್ತು.

ಉಳಿದಂತೆ ಎಲ್ಲ ಸುಖ. ಶಂಕ್ರೆಪ್ಪನ ಧೋತರ ಕೊನೆಗೂ ಸಿಗಲಿಲ್ಲ, ದೋಣಿಯ ಹಾಯಿಯ ತುಂಡು ಸುತ್ತಿಕೊಂಡು ಲಾಡ್ಜಿಗೆ ಬಂದ. ಈಗ ಓಣಿಯಲ್ಲಿ ಎಲ್ಲರಿಗೂ ಹದ್ದು ತನ್ನ ಕಡಬಿಗೇ ಬಂತೆಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಮೇಡಂ ವರದಿಯಲ್ಲಿ ‘ಸ್ಥಳೀಯ ಪದ್ಧತಿಯೊಂದರ ಕಾರಣ ಹಕ್ಕಿಗಳ ಸಂಖ್ಯೆ ಅಸಹಜವಾಗಿ ಹೆಚ್ಚಿತ್ತು’ ಎಂದು ಬರೆದಿದ್ದಾರೆ. ಪೀಪಿ ಇನ್ನೂ ಅವರ ಹತ್ತಿರವೇ ಇದೆ.

ತಂಗಿ ಶೆಟ್ಟೆವ್ವನಿಗೆ ನಮಸ್ಕಾರ ತಿಳಿಸು. ಭಾಗ್ಯಾಳಿಗೆ ನರ್ಸ್ ಕೆಲಸ ಕಾಯಂ ಆಯಿತೆಂದು ಬೇರೆಯವರ ಬಾಯಿಂದ ಕೇಳಿದೆ, ಬಹಳ ಸಂತೋಷವಾಯಿತು. ಅವಳ ಬಾಳು ಹಸನಾಗಲಿ, ಕೈ ಹಿಡಿದ ಕೆಲಸ ಕೈ ಬಿಡದಿರಲಿ ಎಂದು ಹಿರಿಯನಾಗಿ ಹರಸುತ್ತೇನೆ. ಬಿಸಿಲಲ್ಲಿ ಗಾಡಿ ಮೇಲೆ ಬಹಳ ತಿರುಗಬೇಡ.

ಇಂತಿ ನಿನ್ನ,
ನಿಜಗುಣಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಸೆಳೆವ, ಗಿಡುಗದ ಮಾತು ಸುಳ್ಳು. ನೀನು ಸಿಟ್ಟಾದದ್ದು ಅದಕ್ಕಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಮೊದಲ ವರ್ಷವೇ ನಾನು ನಿನಗೆ ಹೇಳಿದ್ದೆ, ‘ಚರಗಕ್ಕ ಕರೀಬೇಕು ಅನಸ್ತೈತಿ, ಆದರ ನಮ್ಮವ್ವ ಹಳೇ ಕಾಲದಾಕಿ, ತಿಳ್ಕೋ’ ಎಂದು. ನೀನು ‘ತಿಳೀತ್ರಿ ಮಾಸ್ತರ’ ಎಂದೆ. ಜಾತಿಯ ಹೆಸರು ಇಬ್ಬರೂ ಎತ್ತಲಿಲ್ಲ. ಅಷ್ಟಕ್ಕೆ ಹತ್ತೊಂಬತ್ತು ವರ್ಷ ನಡೆಯಿತು. ಡ್ಯಾಮಿನ ದಂಡೆಯಲ್ಲಿ ನಾವು ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ. ಅಲ್ಲಿ ನೋಡುವವರು ಕೊಕ್ಕರೆಗಳು ಮಾತ್ರ. ಈ ಸಲ ನೀನಾಗಿಯೇ ಹೊಲಕ್ಕೆ ಬಂದೆ. ಬನ್ನಿಗಿಡದ ಕೆಳಗೆ ನಮ್ಮ ಅಣ್ಣತಮ್ಮಂದಿರು, ಬೀಗರು ಎಲ್ಲ ಊಟಕ್ಕೆ ಕುಳಿತಿದ್ದರು. ನಾನು ಓಡಿ ಬಂದು ನಿನ್ನನ್ನು ಬದುವಿನ ಆಚೆಯೇ ತಡೆದು, ಡಬ್ಬಿ ಕೈಗೆ ಕೊಟ್ಟು, ‘ಲಗೂನ ಹೋಗು, ಬಿಸಲಾಗ್ತೈತಿ’ ಎಂದೆ. ಗಿಡದ ಕೆಳಗಿಂದ ಅವ್ವ, “ಯಾರೋ ಅವರು? ಊಟಕ್ಕ ಕರಿ” ಎಂದಳು. ನಾನು, “ಯಾರೂ ಅಲ್ಲಬೇ, ಕರೆಂಟಿನಾಂವ” ಎಂದೆ. ನೀನು ಆಗಿನ್ನೂ ಗಾಡಿ ಚಾಲೂ ಮಾಡಿರಲಿಲ್ಲ. ನಿನಗೆ ಕೇಳಿಸಿತು. ಮರುದಿನ ಡಬ್ಬಿ ತೊಳೆದು ಯಾರದೋ ಕೈಯಲ್ಲಿ ಕಳಿಸಿದೆ.

ಕಾರವಾರದಿಂದ ಬರುವಾಗ ಅವ್ವ ಆ ಉಳಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, ಭೀಮಶಿ ಯಾಕೆ ಬರಲಿಲ್ಲವೆಂದು. ಎಲ್ಲ ಹೇಳಿಬಿಟ್ಟೆ, ಅವಳ ಹೆಸರು ಹೇಳಿ ನಿನ್ನನ್ನು ದೂರ ಇಟ್ಟದ್ದನ್ನೂ ಹೇಳಿದೆ. ಧಾರವಾಡ ದಾಟಿದ ಮೇಲೆ ಒಂದೇ ಮಾತು ಆಡಿದಳು: “ನೀ ಕೇಳಿದ್ರ ನಾ ಏನ ಅಂತಿದ್ನೋ ನನಗೂ ಗೊತ್ತಿಲ್ಲಪಾ. ಬ್ಯಾಡ ಅಂತಿದ್ನೇನೋ. ಆದರ ನೀ ಕೇಳಬೇಕಾಗಿತ್ತು.”

ಹತ್ತೊಂಬತ್ತು ವರ್ಷ ನಾನು ಅವಳನ್ನು ಕೇಳಲೇ ಇಲ್ಲ ಭೀಮಶಿ. ಬೇಡ ಎನ್ನುತ್ತಾಳೆಂದು ಹೆದರಿ ಅಲ್ಲ. ಹೂಂ ಅಂದುಬಿಟ್ಟರೆ ಎಲ್ಲರ ಎದುರಿಗೆ ನಿನ್ನನ್ನು ಕರೆಯಬೇಕಾಗುತ್ತದಲ್ಲ, ಅದಕ್ಕೆ ಹೆದರಿ.